ಒಪೆಕ್ (ತೈಲ ರಫ್ತು ಮಾಡುವ ದೇಶಗಳ ಕೂಟ) ಉತ್ಪಾದನೆ ಕಡಿತ ಘೋಷಿಸಿದ ಕೂಡಲೇ ಕಚ್ಚಾತೈಲ ಕೊಂಡರೆ ಲಾಭ ಖಚಿತವಲ್ಲವೇ?

ಖಂಡಿತ ಅಲ್ಲ. 2020ರ ಏಪ್ರಿಲ್‌ನಲ್ಲಿ ನಾನೂ ನಿಮ್ಮಂತೆಯೇ ಯೋಚಿಸಿದ್ದೆ. ಒಪೆಕ್ ದೇಶಗಳು ರಷ್ಯಾ ಮೊದಲಾದವುಗಳ ಜೊತೆ ಸೇರಿ ದಿನಕ್ಕೆ 97 ಲಕ್ಷ ಬ್ಯಾರೆಲ್ ಕಡಿತಕ್ಕೆ ಒಪ್ಪಿದ್ದವು. ಆದರೂ ಏಪ್ರಿಲ್ 20ರ ಸಂಜೆಯ ಹೊತ್ತಿಗೆ ನಮ್ಮ ಸರಕು ವಿನಿಮಯ ಕೇಂದ್ರದಲ್ಲಿ ಬೆಲೆ ಬ್ಯಾರೆಲ್‌ಗೆ ಸಾವಿರ ರೂಪಾಯಿಯ ಆಸುಪಾಸಿಗೆ ಬಂದಿತ್ತು. ಇನ್ನೆಷ್ಟು ಇಳಿದೀತು ಎಂದು ಒಂದು ಲಾಟ್, ಅಂದರೆ 100 ಬ್ಯಾರೆಲ್, ವಾಯಿದಾ ಕರಾರು (ಮುಂದಿನ ದಿನಾಂಕಕ್ಕೆ ಈಗಲೇ ಬೆಲೆ ಗೊತ್ತುಮಾಡುವ ಒಪ್ಪಂದ) ಕೊಂಡೆ.

ಅದು ಆ ಕರಾರಿನ ಕೊನೆಯ ದಿನವೆಂದು ತಿಳಿದಿತ್ತು. ಬೆಲೆ ಸೊನ್ನೆಗೆ ಬಂದರೂ ಹೋಗುವುದು ಒಂದು ಲಕ್ಷ ತಾನೇ ಎಂಬುದು ನನ್ನ ಲೆಕ್ಕ. ಕರಾರಿನಲ್ಲಿ ಒಂದು ಸಾಲನ್ನು ಮಾತ್ರ ಓದಿರಲಿಲ್ಲ: ಅಂತಿಮ ಇತ್ಯರ್ಥ ಬೆಲೆ ನ್ಯೂಯಾರ್ಕಿನ ಡಬ್ಲ್ಯುಟಿಐ (ಅಮೆರಿಕದ ಮಾನದಂಡ ಕಚ್ಚಾತೈಲ) ಬೆಲೆಯನ್ನೇ ರೂಪಾಯಿಗೆ ಪರಿವರ್ತಿಸಿದ್ದಾಗಿರುತ್ತದೆ. ಲಾಕ್‌ಡೌನ್‌ನಿಂದಾಗಿ ಇಲ್ಲಿ ವಹಿವಾಟು ಐದು ಗಂಟೆಗೇ ಮುಗಿಯುತ್ತಿತ್ತು. ಅಲ್ಲಿ ಬೆಲೆ ಗೊತ್ತಾಗುವಾಗ ನಮಗೆ ನಡುರಾತ್ರಿ, ಮಾರಿ ಹೊರಬರಲು ದಾರಿಯೇ ಇಲ್ಲ. ಆ ಬೆಲೆ ಮೈನಸ್ 37.63 ಡಾಲರ್; ನಮ್ಮ ಲೆಕ್ಕದಲ್ಲಿ ಮೈನಸ್ 2,884 ರೂಪಾಯಿ. ಒಂದು ಲಾಟಿಗೆ ಮೂರು ಮುಕ್ಕಾಲು ಲಕ್ಷ ಮೀರಿ ಹೋಯಿತು.

ಬೆಲೆ ಸೊನ್ನೆಗಿಂತ ಕೆಳಗೆ ಹೋದದ್ದೇಕೆ? ಡಬ್ಲ್ಯುಟಿಐ ಕರಾರನ್ನು ಕೊನೆಯವರೆಗೂ ಹಿಡಿದವನು ಅಮೆರಿಕದ ಒಕ್ಲಹೋಮಾದ ಕುಶಿಂಗ್‌ನಲ್ಲಿ ಎಣ್ಣೆಯನ್ನು ಕೈಯಾರೆ ಪಡೆಯಬೇಕು. ಅಲ್ಲಿ ಸಮುದ್ರವಿಲ್ಲ, ಇರುವುದು ಕೊಳವೆ ಮತ್ತು ಟ್ಯಾಂಕುಗಳು. ಆ ಟ್ಯಾಂಕುಗಳಲ್ಲಿ ಬಾಡಿಗೆಗೂ ಜಾಗ ಸಿಗುತ್ತಿರಲಿಲ್ಲ. ಹಾಗಾಗಿ ಕರಾರು ಹಿಡಿದವರು ಕೈಯಿಂದ ಹಣ ಕೊಟ್ಟು ಅದನ್ನು ಕಳಚಿಕೊಂಡರು. ಹಡಗಿಗೆ ತುಂಬುವ ಉತ್ತರ ಸಮುದ್ರದ ಬ್ರೆಂಟ್ ಕಚ್ಚಾತೈಲ ಅದೇ ದಿನ 25 ಡಾಲರ್ ದಾಟಿಯೇ ಇತ್ತು. ನಾನು ಕೊಂಡದ್ದು ಎಣ್ಣೆಯನ್ನಲ್ಲ, ಕುಶಿಂಗ್‌ನ ಟ್ಯಾಂಕಿನ ಬಿಕ್ಕಟ್ಟನ್ನು.

ಒಪೆಕ್ ಬೆಲೆ ಕಟ್ಟುವ ಕಾಲ ಇತ್ತು, ನಿಜ. 1973ರ ಅಕ್ಟೋಬರ್‌ನಲ್ಲಿ ಕೊಲ್ಲಿ ದೇಶಗಳು ಯಾರನ್ನೂ ಕೇಳದೆ ಬ್ಯಾರೆಲ್‌ಗೆ 5.12 ಡಾಲರ್ ಎಂದವು, ಜನವರಿಗೆ 11.65. ಆದರೆ 1985ರಲ್ಲಿ ಸೌದಿ ಅರೇಬಿಯಾ ತಾನೊಬ್ಬನೇ ಉತ್ಪಾದನೆ ತಗ್ಗಿಸಿ ಬೆಲೆ ಕಾಯುವುದನ್ನು ಕೈಬಿಟ್ಟಿತು, ಮರುವರ್ಷ ಬೆಲೆ ಕುಸಿಯಿತು. ಅಷ್ಟರಲ್ಲಿ, 1983ರಿಂದಲೇ, ನ್ಯೂಯಾರ್ಕಿನಲ್ಲಿ ಡಬ್ಲ್ಯುಟಿಐ ವಾಯಿದಾ ನಡೆಯುತ್ತಿತ್ತು; ಬೆಲೆ ಕಟ್ಟುವುದು ಪೇಟೆಯ ಪಾಲಾಯಿತು. ಇಂದು ಸೌದಿಯೂ ಏಷ್ಯಾಕ್ಕೆ ಮಾರುವಾಗ ಒಮಾನ್ ಮತ್ತು ದುಬೈ ಬೆಲೆಗಳ ಸರಾಸರಿ ನೋಡಿ, ಅದಕ್ಕೆ ತಿಂಗಳು ತಿಂಗಳು ಒಂದಿಷ್ಟು ಕೂಡಿಸುತ್ತದೆ ಅಥವಾ ಕಳೆಯುತ್ತದೆ. ಒಪೆಕ್ ಉತ್ಪಾದನೆಯ ಪ್ರಮಾಣ ಹೇಳಬಹುದು, ಬೆಲೆಯನ್ನಲ್ಲ. ಆ ಪ್ರಮಾಣವನ್ನೂ ಪೇಟೆ ಸಭೆಗೆ ಮೊದಲೇ ಊಹಿಸಿ ಬೆಲೆಗೆ ಸೇರಿಸಿಕೊಂಡಿರುತ್ತದೆ.

ಆದ್ದರಿಂದ ಸಭೆಯ ಸುದ್ದಿ ನೋಡಿ ಕೊಳ್ಳಬೇಡಿ. ಕೊಳ್ಳಲೇಬೇಕೆಂಬ ಹಟವಿದ್ದರೆ ಕೊನೆಯ ದಿನಕ್ಕೆ ವಾರ ಮುಂಚೆಯೇ ಮಾರಿ ಹೊರಬನ್ನಿ. ಸಾಲ ಮಾಡಿ ಕೊಳ್ಳುವ ಯೋಚನೆಯಿದ್ದರೆ ನನ್ನ ಉತ್ತರವನ್ನು ಮೊದಲಿನಿಂದ ಮತ್ತೆ ಓದಿ.