ಹಳೆಯ ಬೆಂಝ್ ಕೊಂಡರೆ ಸಾಕಲು ಸಾಧ್ಯವೇ?

ಪ್ರಶ್ನೆ: ನಾನು ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುತ್ತೇನೆ. ಪರಿಚಯದ ದಲ್ಲಾಳಿಯೊಬ್ಬರು ಪುಣೆಯಲ್ಲಿ ನೋಂದಣಿಯಾದ 2014ರ ಮರ್ಸಿಡಿಸ್ ಇ 250 ಡೀಸೆಲ್ ಕಾರನ್ನು ಹನ್ನೊಂದು ಲಕ್ಷ ರೂಪಾಯಿಗೆ ಕೊಡಿಸುವುದಾಗಿ ಹೇಳಿದ್ದಾರೆ. ಹೊಸದಾಗಿದ್ದಾಗ ಅದರ ಬೆಲೆ ನಲವತ್ತು ಲಕ್ಷ ದಾಟಿತ್ತಂತೆ. ದಿನವೂ ಮನೆಯಿಂದ ಮಾರುಕಟ್ಟೆ ಪ್ರಾಂಗಣಕ್ಕೆ ಮೂರು-ನಾಲ್ಕು ಕಿಲೋಮೀಟರ್ ಓಡಾಟವಿದೆ. ತಿಂಗಳಿಗೆ ಒಂದೆರಡು ಸಲ ಹುಬ್ಬಳ್ಳಿಗೆ ಹೋಗಿಬರುತ್ತೇನೆ. ಇದರ ಖರ್ಚನ್ನು ನಮ್ಮಂಥವರು ನಿಭಾಯಿಸಬಹುದೇ?
– ಓದುಗರೊಬ್ಬರು, ಬ್ಯಾಡಗಿ

ಉತ್ತರ: ಹತ್ತು ವರ್ಷ ದಾಟಿದ ಕಾರಿನ ಬೆಲೆ ಕಾಲು ಭಾಗಕ್ಕೆ ಇಳಿದಿರುತ್ತದೆ, ಆದರೆ ಅದಕ್ಕೆ ಬೇಕಾಗುವ ಬಿಡಿಭಾಗಗಳು ಇಂದಿಗೂ ನಲವತ್ತು ಲಕ್ಷದ ಕಾರಿನ ಬಿಡಿಭಾಗಗಳೇ ಆಗಿರುತ್ತವೆ. ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಇಲ್ಲಿಯೇ. ಆದ್ದರಿಂದ ಕೊಳ್ಳುವ ಹಣವಲ್ಲದೆ ಇನ್ನೂ ಎರಡು-ಮೂರು ಲಕ್ಷವನ್ನು ಮೊದಲ ವರ್ಷದ ದುರಸ್ತಿಗೆಂದೇ ತೆಗೆದಿರಿಸಲು ಸಾಧ್ಯವಿದ್ದರೆ ಮಾತ್ರ ಮುಂದುವರಿಯಿರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಮಾಮೂಲಿ ಸರ್ವಿಸಿಂಗ್ ಅಷ್ಟೇನೂ ಹೆದರಿಸುವುದಿಲ್ಲ. ಈ ಎಂಜಿನ್ನಿಗೆ ಒಮ್ಮೆಗೆ ಸುಮಾರು ಆರೂವರೆ ಲೀಟರ್ ಆಯಿಲ್ ಬೇಕು, ಅದೂ ಕಂಪನಿ ಒಪ್ಪಿದ ದರ್ಜೆಯದೇ ಆಗಬೇಕು, ಅಷ್ಟೇ. ಹಣ ತಿನ್ನುವುದು ವಯಸ್ಸಿನಿಂದ ಸೋಲುವ ಭಾಗಗಳು. ಕಿಲೋಮೀಟರ್ ಕಡಿಮೆ ಓಡಿದ್ದರೂ ಸಸ್ಪೆನ್ಷನ್ನಿನ ರಬ್ಬರ್ ಬುಷ್‌ಗಳು, ಎಂಜಿನ್ ಮೌಂಟಿಂಗ್‌ಗಳು, ರೇಡಿಯೇಟರಿಗೆ ಹೋಗುವ ಪ್ಲಾಸ್ಟಿಕ್ ಕೊಳವೆಗಳು ಬಿಸಿಲಿಗೂ ಎಂಜಿನ್ನಿನ ಕಾವಿಗೂ ಒಣಗಿ ಬಿರುಕು ಬಿಟ್ಟಿರುತ್ತವೆ. ಒಂದನ್ನು ಬದಲಿಸಲು ಬಿಚ್ಚಿದಾಗ ಪಕ್ಕದ ನಾಲ್ಕು ಭಾಗಗಳೂ ಹಾಳಾಗಿರುವುದು ಕಾಣಿಸುತ್ತದೆ.

ಈ ಎಂಜಿನ್ನಿನ ಟೈಮಿಂಗ್ ಚೈನ್ (ವಾಲ್ವುಗಳನ್ನು ಸರಿಯಾದ ಕ್ಷಣಕ್ಕೆ ತೆರೆದು ಮುಚ್ಚಿಸುವ ಸರಪಳಿ) ಮುಂಭಾಗದಲ್ಲಿಲ್ಲ, ಹಿಂದೆ ಗೇರ್‌ಬಾಕ್ಸಿನ ಕಡೆಗಿದೆ. ಅಲ್ಲಿಗೆ ಕೈಹಾಕಬೇಕಾಗಿ ಬಂದರೆ ಕೂಲಿಯೇ ಭಾರವಾಗುತ್ತದೆ. ಹಾಗಾಗಿ ಕಾರನ್ನು ಬೆಳಿಗ್ಗೆ, ರಾತ್ರಿಯಿಡೀ ನಿಂತು ಪೂರ್ತಿ ತಣ್ಣಗಾಗಿದ್ದಾಗಲೇ ನೋಡಿರಿ. ಬಾನೆಟ್ ಮೇಲೆ ಕೈಯಿಟ್ಟಾಗ ಬೆಚ್ಚಗಿದ್ದರೆ, ಮಾರುವವರು ಮೊದಲೇ ಶುರುಮಾಡಿದ್ದಾರೆ ಎಂದರ್ಥ. ಇನ್ನೊಂದು ದಿನ ಬರುವುದಾಗಿ ಹೇಳಿರಿ. ಸ್ಟಾರ್ಟ್ ಮಾಡಿದ ಮೊದಲ ಕೆಲವು ಕ್ಷಣ ಸರಪಳಿ ಅಲ್ಲಾಡಿಸಿದಂಥ ಸದ್ದು ಕೇಳಿದರೆ ಬಿಟ್ಟುಬಿಡಿರಿ. ಗೇರ್‌ಬಾಕ್ಸಿನ ಆಯಿಲ್ ಮತ್ತು ಫಿಲ್ಟರ್ ಬದಲಿಸಿದ ಬಿಲ್ಲನ್ನೂ ಕೇಳಿರಿ. ಈ ಮಾದರಿಯನ್ನು ಬಲ್ಲ, ಕಂಪ್ಯೂಟರ್ ಸ್ಕ್ಯಾನರ್ ಇರುವ ಮೆಕ್ಯಾನಿಕ್ ಒಬ್ಬರಿಗೆ ತಪಾಸಣೆಗೆಂದು ಕೊಡುವ ಕೆಲವು ಸಾವಿರ ರೂಪಾಯಿ ಎಂದೂ ವ್ಯರ್ಥವಲ್ಲ.

ನನಗೆ ಹೆಚ್ಚು ಚಿಂತೆ ಇರುವುದು ನಿಮ್ಮ ದಿನನಿತ್ಯದ ಓಡಾಟದ ಬಗ್ಗೆ. ಮೂರು-ನಾಲ್ಕು ಕಿಲೋಮೀಟರಿನಲ್ಲಿ ಇಷ್ಟು ದೊಡ್ಡ ಡೀಸೆಲ್ ಎಂಜಿನ್ ಸರಿಯಾಗಿ ಕಾಯುವುದೇ ಇಲ್ಲ. ಹೊಗೆಯ ಒಂದಷ್ಟು ಭಾಗವನ್ನು ಮತ್ತೆ ಎಂಜಿನ್ನಿಗೆ ಕಳಿಸುವ ಇಜಿಆರ್ ವಾಲ್ವಿನಲ್ಲಿ ಮಸಿ ಕಟ್ಟುತ್ತದೆ, ಬ್ಯಾಟರಿ ಪೂರ್ತಿ ಚಾರ್ಜ್ ಆಗುವುದಿಲ್ಲ. ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಹತ್ತಿ ಹುಬ್ಬಳ್ಳಿಯವರೆಗೆ ಒಂದೇ ವೇಗದಲ್ಲಿ ಹೋಗುವ ಪ್ರಯಾಣಕ್ಕೆ ಅದು ಹೇಳಿ ಮಾಡಿಸಿದ ಕಾರು. ಮಾರುಕಟ್ಟೆಗೆ ಈಗಿರುವ ವಾಹನವನ್ನೇ ಉಳಿಸಿಕೊಂಡು, ಇದನ್ನು ದೂರದ ಊರುಗಳಿಗೆ ಮಾತ್ರ ಬಳಸುವಿರಾದರೆ ನಾನು ಬೇಡವೆನ್ನುವುದಿಲ್ಲ.

ವಿಮೆಯ ವಿಷಯದಲ್ಲಿಯೂ ಎಚ್ಚರವಿರಲಿ. 1,500 ಸಿಸಿ ಮೀರಿದ ಕಾರಿಗೆ 2022ರ ಜೂನ್‌ನಲ್ಲಿ ನಿಗದಿಯಾದ ಥರ್ಡ್ ಪಾರ್ಟಿ ಕಂತು ವರ್ಷಕ್ಕೆ 7,897 ರೂಪಾಯಿ; ಅದು ದೊಡ್ಡ ಮೊತ್ತವಲ್ಲ. ಆದರೆ ಹತ್ತು ವರ್ಷ ದಾಟಿದ ಕಾರು ಅಪಘಾತಕ್ಕೀಡಾದರೆ, ಸಾಮಾನ್ಯ ಪಾಲಿಸಿಯಲ್ಲಿ ಲೋಹದ ಭಾಗಗಳಿಗೂ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೂ ಶೇ. 50ರಷ್ಟು ಸವಕಳಿ ಕಡಿತವಾಗುತ್ತದೆ. ಅಂದರೆ ಒಡೆದ ಬಂಪರಿನ ಅರ್ಧ ಬೆಲೆ ನಿಮ್ಮ ಜೇಬಿನಿಂದಲೇ ಹೋಗುತ್ತದೆ.

ಇನ್ನು, ಮಹಾರಾಷ್ಟ್ರದ ನೋಂದಣಿ ಇರುವುದರಿಂದ ಅಲ್ಲಿನ ಆರ್‌ಟಿಒ ನಿರಾಕ್ಷೇಪಣಾ ಪತ್ರ ತರಿಸಿ, ಇಲ್ಲಿ ಮರುನೋಂದಣಿ ಮಾಡಿಸಿ, ಕರ್ನಾಟಕದ ಆಜೀವ ತೆರಿಗೆ ಕಟ್ಟಬೇಕು. ಆ ತೆರಿಗೆಯನ್ನು ನೀವು ಕೊಟ್ಟ ಹನ್ನೊಂದು ಲಕ್ಷದ ಮೇಲಲ್ಲ, ಕಾರು ಹೊಸದಾಗಿದ್ದಾಗಿನ ಬೆಲೆಯ ಮೇಲೆ, ವಯಸ್ಸಿಗೆ ತಕ್ಕಷ್ಟು ಇಳಿಸಿ ಲೆಕ್ಕ ಹಾಕುತ್ತಾರೆ. ದಲ್ಲಾಳಿಗಳು ಸಾಮಾನ್ಯವಾಗಿ ಈ ಮಾತನ್ನು ಕೊನೆಯವರೆಗೂ ಎತ್ತುವುದಿಲ್ಲ. ಹಾವೇರಿಯ ಸಾರಿಗೆ ಕಚೇರಿಯಲ್ಲಿ ಈ ಮೊತ್ತವನ್ನು ಮೊದಲೇ ವಿಚಾರಿಸಿ, ಅದನ್ನು ಕಾರಿನ ಬೆಲೆಗೆ ಸೇರಿಸಿಕೊಂಡೇ ಚೌಕಾಸಿಗೆ ಕೂಡಿರಿ. ನಿರಾಕ್ಷೇಪಣಾ ಪತ್ರ ಕೈಸೇರುವವರೆಗೆ ಮುಂಗಡಕ್ಕಿಂತ ಹೆಚ್ಚು ಹಣ ಕೊಡಬೇಡಿರಿ.