ಮನೆಯಲ್ಲಿ ಮಾಡಿದ ಬಿಯರ್ ಹುದುಗಿ ಮುಗಿಯಿತಾ ಅಂತ ತಿಳಿಯುವುದು ಹೇಗೆ?

ಮೈಸೂರಿನ ಏಪ್ರಿಲ್ ಸೆಕೆಗೆ ಮೂರೇ ದಿನದಲ್ಲಿ ಏರ್‌ಲಾಕ್ (ಗ್ಯಾಸ್ ಹೊರಬಿಟ್ಟು ಗಾಳಿಯನ್ನು ಒಳಬಿಡದ ಪುಟ್ಟ ಕೊಳವೆ) ಗುಳ್ಳೆ ನಿಂತಿದೆ, ಬಾಟಲಿಗೆ ತುಂಬಲಾ ಅಂತ ಕೇಳಿದ್ದೀರಿ. ಸ್ವಲ್ಪ ತಡೆಯಿರಿ. ಗುಳ್ಳೆಯನ್ನು ನಂಬಬೇಡಿ, ಮುಚ್ಚಳ ಚೂರು ಸಡಿಲವಿದ್ದರೂ ಗ್ಯಾಸ್ ಅಲ್ಲಿಂದಲೇ ಹೋಗಿಬಿಡುತ್ತದೆ. ದೋಸೆ ಹಿಟ್ಟಾದರೆ ಉಬ್ಬಿದ್ದು ಕಣ್ಣಿಗೇ ಕಾಣುತ್ತದೆ, ಬಿಯರ್ ಹಾಗಲ್ಲ.

ಹೈಡ್ರೋಮೀಟರ್ ಹಾಕಿ ನೋಡಿ. ಇದು ದ್ರವ ನೀರಿಗಿಂತ (1.000) ಎಷ್ಟು ಸಾಂದ್ರ ಅಂತ ತೋರಿಸುವ ತೇಲುವ ಗಾಜಿನ ಕೊಳವೆ; ಸಕ್ಕರೆ ಕಡಿಮೆಯಾದಂತೆ ಅಂಕಿ ಇಳಿಯುತ್ತದೆ. ಶುರುವಿನಲ್ಲಿ 1.050 ಇದ್ದದ್ದು ಸಾಮಾನ್ಯವಾಗಿ 1.010ರ ಆಸುಪಾಸಿಗೆ ಇಳಿಯುತ್ತದೆ. ಎರಡು ಮೂರು ದಿನ ಬಿಟ್ಟು ಮತ್ತೆ ಅಳೆಯಿರಿ. ಅಂಕಿ ಅಲುಗದಿದ್ದರೆ ಮುಗಿದಂತೆ. ಇನ್ನೂ ಇಳಿಯುತ್ತಿದ್ದರೆ ಯೀಸ್ಟ್ ಸಕ್ಕರೆ ತಿನ್ನುತ್ತಲೇ ಇದೆ. ಈಗ ತುಂಬಿದರೆ ಬಾಟಲಿ ಸಿಡಿಯಬಹುದು.

ಅಂದಹಾಗೆ, ಹಲವು ಹೈಡ್ರೋಮೀಟರ್‌ಗಳ ಲೆಕ್ಕ 20 ಡಿಗ್ರಿ ಸೆಲ್ಸಿಯಸ್‌ಗೆ. ನಿಮ್ಮ ಬಿಯರ್ 30 ಡಿಗ್ರಿ ಇದ್ದರೆ ಬಂದ ಅಂಕಿಗೆ ಸುಮಾರು 0.0025 ಕೂಡಿಸಿ. ಅಳೆದದ್ದನ್ನು ವಾಪಸ್ ಸುರಿಯಬೇಡಿ, ಸುಮ್ನೆ ರುಚಿ ನೋಡಿ.