ಎಲ್ಲರ ಕೆಲಸ ಮುಗಿದರೂ ಯಂತ್ರ ಓಡದೇಕೆ?

ಪೀಣ್ಯದಲ್ಲಿ ಸರ್ಕ್ಯೂಟ್ ಬೋರ್ಡಿಗೆ ಅಂಟು ಹಾಕುವ ಯಂತ್ರ ತಯಾರಿಸುವ ಓದುಗರು ಬರೆದಿದ್ದಾರೆ: ‘ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್, ಸಾಫ್ಟ್‌ವೇರ್ ಮೂರೂ ತಂಡದವರು ಹೇಳಿದ ದಿನಕ್ಕೆ ಕೆಲಸ ಒಪ್ಪಿಸಿದರು. ಎಂಟನೇ ತಿಂಗಳಲ್ಲಿ ಜೋಡಿಸಿದರೆ, ಮೋಟಾರ್ ಓಡಿದೊಡನೆ ಲಿಮಿಟ್ ಸ್ವಿಚ್ (ಓಟದ ಕೊನೆ ತಿಳಿಸುವ ಸ್ವಿಚ್) ಸುಮ್ಮಸುಮ್ಮನೆ ಒತ್ತಿದಂತೆ ತೋರಿಸುತ್ತದೆ. ಬೆಳಿಗ್ಗೆ ಸರಿಯಿದ್ದ ಸೂಜಿ ಮಧ್ಯಾಹ್ನಕ್ಕೆ 0.06 ಮಿ.ಮೀ. ಸರಿದಿರುತ್ತದೆ. ಗಿರಾಕಿ ಕೇಳಿದ್ದು ±0.05. ಮೋಟಾರ್ ತಿರುಗಿಸಿ ಸೂಜಿಯನ್ನು ಸರಿಸುವ ಬಾಲ್ ಸ್ಕ್ರೂ ಉದ್ದ 400 ಮಿ.ಮೀ. ಪ್ರಾಜೆಕ್ಟ್ ಮ್ಯಾನೇಜರ್ ಒಬ್ಬರನ್ನು ಇಟ್ಟುಕೊಳ್ಳಲೇ? ಡ್ರಾಯಿಂಗ್, ಬಿಡಿಭಾಗ, ಆವೃತ್ತಿಗಳ ದಾಖಲೆ ಇಡುವ ಪಿಎಲ್‌ಎಂ ಸಾಫ್ಟ್‌ವೇರ್ ಕೊಳ್ಳಲೇ?’

ಮಾನ್ಯರೇ, ಸದ್ಯಕ್ಕೆ ಎರಡೂ ಬೇಡ. ನಿಮ್ಮ ವೇಳಾಪಟ್ಟಿ ಒಂದೊಂದು ವಿಭಾಗಕ್ಕೂ ಒಂದೊಂದು ಗಡುವು ಕೊಟ್ಟಿದೆ. ತೊಂದರೆ ಇರುವುದು ಆ ವಿಭಾಗಗಳು ಕೂಡುವ ಜಾಗದಲ್ಲಿ, ಅದಕ್ಕೆ ವಾರಸುದಾರರೇ ಇಲ್ಲ.

ಸೂಜಿಯನ್ನೇ ನೋಡಿ. ಉಕ್ಕು ಒಂದು ಡಿಗ್ರಿ ಸೆಲ್ಸಿಯಸ್‌ಗೆ ಮೀಟರಿಗೆ ಸುಮಾರು 12 ಮೈಕ್ರಾನ್ ಹಿಗ್ಗುತ್ತದೆ. 400 ಮಿ.ಮೀ. ಸ್ಕ್ರೂ 12 ಡಿಗ್ರಿ ಬಿಸಿಯೇರಿದರೆ ದೂರದ ತುದಿಯಲ್ಲಿ 0.058 ಮಿ.ಮೀ. ಬೇಸ್ ಅಷ್ಟು ಬಿಸಿಯಾಗದ ಕಾರಣ ಅದರ ಬಹುಪಾಲು ಸೂಜಿಯಲ್ಲಿ ಕಾಣಿಸುತ್ತದೆ. ಸ್ಥಾನ ಅಳೆಯುವ ಎನ್‌ಕೋಡರ್ ಮೋಟಾರಿನ ಹಿಂಬದಿಯಲ್ಲಿದ್ದರೆ ಎಣಿಸುವುದು ಸುತ್ತುಗಳನ್ನು ಮಾತ್ರ, ಸ್ಕ್ರೂ ಉದ್ದವಾದದ್ದು ಅದಕ್ಕೆ ಗೊತ್ತೇ ಆಗದು. ಸಾಫ್ಟ್‌ವೇರ್‌ನವರು ‘ನಮ್ಮ ಲೆಕ್ಕ ಸರಿ’ ಎಂದರೆ ಅದು ನಿಜವೇ.

ಇದು ಮೊದಲ ವಾರವೇ ಕಾಗದದ ಮೇಲೆ ಸಿಕ್ಕಿಬೀಳಬೇಕಿತ್ತು. 0.05 ಅನ್ನು ಹಂಚಿ: ಶಾಖಕ್ಕೆ 0.02, ನಟ್ ಮತ್ತು ಕಪ್ಲಿಂಗ್ (ಮೋಟಾರನ್ನು ಸ್ಕ್ರೂಗೆ ಸೇರಿಸುವ ಭಾಗ) ಸಡಿಲಕ್ಕೆ 0.01, ಗೈಡ್ ರೈಲಿಗೆ 0.01, ಸೂಜಿ ಕೂರಿಸುವುದಕ್ಕೆ 0.01. ಪ್ರತಿ ಸಾಲಿನ ಎದುರು ಒಬ್ಬರ ಹೆಸರು. ಶಾಖದ ಸಾಲು ಮೂರು ಪಟ್ಟಾದದ್ದು ಕಂಡ ದಿನವೇ ಸರಿದ ದೂರವನ್ನು ನೇರವಾಗಿ ಅಳೆಯುವ ಲೀನಿಯರ್ ಸ್ಕೇಲ್ ಹಾಕುವುದೋ, ಅರ್ಧ ಗಂಟೆಗೊಮ್ಮೆ ಕ್ಯಾಮೆರಾದಿಂದ ಗುರುತು ನೋಡಿ ತಿದ್ದಿಕೊಳ್ಳುವುದೋ ಎಂದು ಮೂವರೂ ಕೂತು ತೀರ್ಮಾನಿಸಬಹುದಿತ್ತು.

ಲಿಮಿಟ್ ಸ್ವಿಚ್ಚಿನದೂ ಇದೇ ಜಾತಿ. ಮೋಟಾರ್ ಕೇಬಲ್, ಸ್ವಿಚ್ ಕೇಬಲ್ ಎರಡೂ ಬಹುಶಃ ಒಂದೇ ಕೇಬಲ್ ಚೈನಿನಲ್ಲಿ ಒತ್ತೊತ್ತಾಗಿ ಓಡುತ್ತಿವೆ, ಮೋಟಾರಿನ ವಿದ್ಯುತ್ ಗದ್ದಲ ಸ್ವಿಚ್ಚಿನ ತಂತಿಗೆ ಸೇರುತ್ತಿದೆ. ಫರ್ಮ್‌ವೇರ್‌ನಲ್ಲಿ (ಬೋರ್ಡಿನೊಳಗಿನ ಸಾಫ್ಟ್‌ವೇರ್) 2 ಮಿಲಿಸೆಕೆಂಡಿಗಿಂತ ಚಿಕ್ಕ ಸಂಕೇತವನ್ನು ಕಡೆಗಣಿಸುವ ಫಿಲ್ಟರ್ ಹಾಕಿ ಮುಚ್ಚುವುದು ಸುಲಭ. ಆದರೆ ಸೆಕೆಂಡಿಗೆ 200 ಮಿ.ಮೀ. ವೇಗದಲ್ಲಿ ಆ ಹೊತ್ತಿಗೆ ಹೆಡ್ (ಸೂಜಿ ಹೊತ್ತ ಭಾಗ) 0.4 ಮಿ.ಮೀ. ಮುಂದೆ ಹೋಗಿರುತ್ತದೆ. ಮೊದಲು ಕೇಬಲ್‌ಗಳ ನಡುವೆ ಅಡ್ಡಪಟ್ಟಿ ಹಾಕಿ ಬೇರೆ ಮಾಡಿ. ಮೋಟಾರ್ ಕೇಬಲಿನ ಶೀಲ್ಡನ್ನು (ತಂತಿಗಳನ್ನು ಸುತ್ತಿದ ಲೋಹದ ಜಾಲರಿ) ಬಾಲದಂತೆ ಹೊಸೆದು ಸ್ಕ್ರೂಗೆ ಕಟ್ಟಬೇಡಿ, ಸುತ್ತಲೂ ಕ್ಲ್ಯಾಂಪ್ ಮಾಡಿ ಪ್ಯಾನೆಲ್ ತಗಡಿಗೆ ಕೂರಿಸಿ. ಅಲ್ಲಿ ತಗಡಿನ ಬಣ್ಣ ಕೆರೆಯಲು ಮರೆಯಬೇಡಿ. ಸ್ವಿಚ್ 24 ವೋಲ್ಟಿನ ಎನ್‌ಸಿ (ಒತ್ತದಿದ್ದಾಗ ಮುಚ್ಚಿರುವ) ಸಂಪರ್ಕದಲ್ಲಿರಲಿ, ತಂತಿ ತುಂಡಾದರೂ ತಿಳಿಯುತ್ತದೆ. ಆಮೇಲೆ ಫಿಲ್ಟರ್ ಬೇಕೆನಿಸಿದರೆ ಹೋಮಿಂಗ್‌ನಲ್ಲಿ (ಯಂತ್ರ ತನ್ನ ಆರಂಭಸ್ಥಾನ ಹುಡುಕುವಾಗ) ಸ್ವಿಚ್ ಬಿಟ್ಟು ಹಿಂದೆ ಬಂದು ಎರಡನೇ ಸಲ ಸೆಕೆಂಡಿಗೆ 5 ಮಿ.ಮೀ. ವೇಗದಲ್ಲಿ ತಾಗಿಸಿ. ತಪ್ಪು 0.01ಕ್ಕೆ ಇಳಿಯುತ್ತದೆ.

ಮುಂದಿನ ಯಂತ್ರಕ್ಕೆ ಒಂದು ವಿಷಯದಲ್ಲಿ ಹಟ ಹಿಡಿಯಿರಿ: ಆರನೇ ವಾರದೊಳಗೆ ಒಂದೇ ಅಕ್ಷದ ಒರಟು ರಿಗ್ (ಪರೀಕ್ಷಾ ಮಾದರಿ) ಓಡಬೇಕು. ನಿಯಂತ್ರಣ ಬೋರ್ಡ್ ನಿಮ್ಮದಾಗಿರಬೇಕಿಲ್ಲ, ಅಂಗಡಿಯ ಮೋಟಾರ್ ಡ್ರೈವ್ ಸಾಕು. ತೂಕ ಮಾತ್ರ ನಿಜವಾದ ಹೆಡ್ಡಿನಷ್ಟೇ ಇರಲಿ, ಕೇಬಲ್ ಉದ್ದವೂ ನಿಜದ್ದೇ ಇರಲಿ. ಜರ್ಮನಿಯ ಎಂಜಿನಿಯರುಗಳ ಸಂಘ 2004ರಲ್ಲಿ ಹೊರತಂದ ಇಂಥ ಮೂರೂ ವಿಭಾಗ ಕೂಡಿದ ಯಂತ್ರಗಳ ವಿನ್ಯಾಸದ ವಿಡಿಐ 2206 ಮಾರ್ಗಸೂಚಿ (2021ರಲ್ಲಿ ಪರಿಷ್ಕೃತ) ಹೆಸರಾಗಿರುವುದು ‘ವಿ’ ಆಕಾರದ ಚಿತ್ರಕ್ಕೆ. ಎಡಗಡೆ ವಿಭಜಿಸುತ್ತಾ ಇಳಿ, ಬಲಗಡೆ ಜೋಡಿಸುತ್ತಾ ಏರು. ಅನೇಕರು ಅದನ್ನು ಒಂದೇ ಸಲದ ಪಯಣವೆಂದು ಓದುತ್ತಾರೆ. ಆ ‘ವಿ’ಯನ್ನು ಹಲವು ಸಲ ಸುತ್ತಬೇಕೆಂದು ಮೂಲದಲ್ಲೇ ಇದೆ. ಆದ್ದರಿಂದ ಬೋರ್ಡಿಗೆ ಎರಡು ಆವೃತ್ತಿಯ ಹಣವನ್ನು ಮೊದಲೇ ಎತ್ತಿಡಿ. ಅಚ್ಚಿಗೆ ಆರ್ಡರ್ ಕೊಡುವುದು ರಿಗ್ ಪರೀಕ್ಷೆ ಮುಗಿದ ಮೇಲೆ.

ಪಿಎಲ್‌ಎಂ ಬದಲು ಈಗ ಒಂದು ಶೀಟ್ ಸಾಕು: ಪ್ರತಿ ಕನೆಕ್ಟರಿಗೂ ಪಿನ್, ವೋಲ್ಟೇಜ್, ಕೇಬಲ್ ಉದ್ದ, ಎರಡೂ ಕಡೆಯ ಹೊಣೆಗಾರರು. ಪ್ರತಿ ಯಂತ್ರದ ಮೇಲೆ ಡ್ರಾಯಿಂಗ್, ಬೋರ್ಡ್, ಫರ್ಮ್‌ವೇರ್ ಮೂರರ ಆವೃತ್ತಿ ಸಂಖ್ಯೆ ಇರಲಿ. ಬೋರ್ಡಿನಲ್ಲಿ ಮೂರು ಪಿನ್ ಮೀಸಲಿಟ್ಟರೆ ಎಂಟು ಆವೃತ್ತಿಗಳವರೆಗೆ ಫರ್ಮ್‌ವೇರ್ ತಾನೇ ಗುರುತಿಸುತ್ತದೆ.

ಈಗಿನ ಯಂತ್ರದಲ್ಲಿ ಸಾಫ್ಟ್‌ವೇರ್ ಮುಟ್ಟುವ ಮೊದಲು ಎರಡು ಗಂಟೆ ಓಡಿಸಿ. ಹದಿನೈದು ನಿಮಿಷಕ್ಕೊಮ್ಮೆ ನಟ್ಟಿನ ಉಷ್ಣತೆ, ದೂರದ ತುದಿಯಲ್ಲಿ ಡಯಲ್ ಗೇಜ್ ಓದು ಬರೆದಿಡಿ. ಎರಡೂ ಜೊತೆಜೊತೆಗೆ ಏರಿದರೆ ಸ್ಕೇಲ್ ಖರ್ಚಿಗೆ ಹಿಂಜರಿಯಬೇಡಿ. ಉಷ್ಣತೆ ನಿಂತ ಮೇಲೂ ಗೇಜ್ ಸರಿಯುತ್ತಿದ್ದರೆ ಕಪ್ಲಿಂಗ್ ಸ್ಕ್ರೂ ಜಾರುತ್ತಿದೆಯೇ ನೋಡಿ.

— ಸಂ.